ನನ್ನ ಕಾಲಿಗೆ ಬಾರದ ದಾರ

ನಾನು ಒಂದು ನಾಟಿ ಕೋಳಿ. ಮೈಬಣ್ಣ ಒಣಗಿದ ಹುಣಸೆ ಸಿಪ್ಪೆಯದು. ಕತ್ತಿನ ಸುತ್ತ ಮಾತ್ರ ಬೂದಿ ಎರಚಿದ ಹಾಗೆ ಚುಕ್ಕೆಗಳಿವೆ. ನನ್ನ ವಾರಿಗೆಯ ಕೋಳಿಗಳಲ್ಲಿ ಇವತ್ತು ಯಾರೂ ಉಳಿದಿಲ್ಲ. ಏಳು ವರ್ಷ ಬದುಕಿದ್ದೇನೆಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು. ಆದರೆ ನನಗೆ ಬಾಯಿ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ಹುಟ್ಟಿದ್ದು ದೇವೀರಮ್ಮನ ತವರಿನಲ್ಲಿ, ಅಡುಗೆಮನೆ ಮೂಲೆಯ ಹಳೆಯ ಕುಕ್ಕೆಯೊಳಗೆ. ಕೋಳಿಯನ್ನು ಕಾವಿಗೆ ಕೂರಿಸುವಾಗ ಅವರು ಮೊಟ್ಟೆಗಳ ನಡುವೆ ಒಂದು ಇದ್ದಿಲನ್ನೂ ಒಂದು ಕಬ್ಬಿಣದ ಮೊಳೆಯನ್ನೂ ಇಡುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು. ಚಿಪ್ಪು ಒಡೆದು ತಲೆ ಹೊರಗೆ ಹಾಕಿದಾಗ ನಾನು ಮೊದಲು ಕಂಡದ್ದು ತಾಯಿಯನ್ನಲ್ಲ, ಆ ಮೊಳೆಯನ್ನು. ಏನೆಂದು ಕುಟುಕಿ ನೋಡಿದೆ. ಕೊಕ್ಕು ನೊಂದಿತು. ಕಂಡದ್ದನ್ನು ಕುಟುಕುವ ಬುದ್ಧಿ ನನ್ನಲ್ಲಿ ಅಷ್ಟು ಹಿಂದಿನದು.

ದೇವೀರಮ್ಮ ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು, ಎರಡು ಸೇರು ಹುರಿಟ್ಟು, ಜೊತೆಗೆ ಮೊಟ್ಟೆಗೆ ಬಂದ ಒಂದು ಹ್ಯಾಟೆ ಕೊಟ್ಟರು. ಆ ಹ್ಯಾಟೆಯೇ ನಾನು. ಬಟ್ಟೆ ಚೀಲದಲ್ಲಿ ಕತ್ತು ಮಾತ್ರ ಹೊರಗಿಟ್ಟು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಂದು, "ಕೋಳಿಗೂ ಟಿಕೆಟ್ ತಗೋಬೇಕು ಕಣಮ್ಮ" ಅಂದ.

"ಹಂಗಾರೆ ಅದಕ್ಕೊಂದು ಸೀಟು ಬುಡ್ಸು" ಅಂದಳು ದೇವೀರಮ್ಮ. ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಬದುಕಿನಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲದ ದಿನಗಳು ಅವು.

ಆ ಮನೆಯಲ್ಲಿ ದೇವೀರಮ್ಮನ ಗಂಡ ಮಾದಪ್ಪ, ಅತ್ತೆ ನಿಂಗಾಜಮ್ಮ. ನನಗೆ ಮನುಷ್ಯರ ಗುರುತು ಕಾಲಿನಿಂದ. ನಿಂಗಾಜಮ್ಮನ ಹಿಮ್ಮಡಿ ಬೇಸಿಗೆ ಕೆರೆಯಂತೆ ಬಿರಿದಿತ್ತು. ಅವಳು ನನ್ನನ್ನು ಎತ್ತಿ, ಹೊಟ್ಟೆ ತಡವಿ, ಪುಕ್ಕ ಊದಿ ನೋಡಿ, "ಮೊಟ್ಟೆ ಇಕ್ಕೋ ಜಾತಿದೇ ಕೊಟ್ಟವ್ರೆ ಬುಡು" ಅಂದಳು. ಹಾಗಂದು ಮಂಕರಿಯ ಕೆಳಗೆ ಮುಚ್ಚಲು ಬಂದಳು. ನಾನು ಒಪ್ಪಲಿಲ್ಲ. ಹಾರಿ ಹಿತ್ತಲ ನುಗ್ಗೆಮರ ಹತ್ತಿದೆ. ಮರಿಗಳಿದ್ದಾಗ ಬಿಟ್ಟರೆ ಇವತ್ತಿಗೂ ನನ್ನ ಮನೆ ಆ ಮರವೇ.

ಎರಡನೆಯ ಸಲ ಕಾವಿಗೆ ಕೂತಾಗ ಹನ್ನೊಂದು ಮೊಟ್ಟೆ ಇಟ್ಟರು. ಇಪ್ಪತ್ತೊಂದನೆಯ ದಿನ ಹತ್ತು ಮರಿ ಎದ್ದವು. ಹನ್ನೊಂದನೆಯದು ಒಂದು ದಿನ ತಡವಾಗಿ, ಅರ್ಧ ಚಿಪ್ಪನ್ನು ಬೆನ್ನಿಗೆ ಅಂಟಿಸಿಕೊಂಡು ಬಂತು. ಮಿಕ್ಕವು ನನ್ನ ಹಿಂದೆ ತಿಪ್ಪೆಗೆ ಓಡಿದರೆ ಇದು ರೆಕ್ಕೆ ಇಳಿಬಿಟ್ಟು ನಿಂತಲ್ಲೇ ತೂಕಡಿಸುತ್ತಿತ್ತು. ಹಿಂಭಾಗದಲ್ಲಿ ಹಿಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ನಾನು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಬಿದ್ದುಹೋಯಿತು.

ಆಗ ನಾನು ಹಿಂದಿರುಗಿ ಬಂದು ಅದರ ತಲೆಗೆ ಕುಟುಕಿದೆ. ಒಂದು ಸಲವಲ್ಲ. ರಕ್ತ ಬರುವ ತನಕ. ನಮ್ಮ ಜಾತಿಯ ಗುಣವೇ ಹಾಗೆ, ಏಳಲಾರದ್ದನ್ನು ತಾಯಿ ಬಿಟ್ಟುಬಿಡುತ್ತಾಳೆ ಅಂತ ನೀವು ಹೇಳಬಹುದು. ನಾನೂ ಎಷ್ಟೋ ವರ್ಷ ಹಾಗೇ ಹೇಳಿಕೊಂಡೆ. ಆದರೆ ಕುಟುಕಿದ ಕೊಕ್ಕು ಜಾತಿಯದಲ್ಲ, ನನ್ನದು.

ನಿಂಗಾಜಮ್ಮ ಓಡಿಬಂದು ನನ್ನನ್ನು ಪೊರಕೆಯಲ್ಲಿ ಹೊಡೆದಳು. "ಥೂ ನಿನ್ನ! ತಾಯೋ ಮಾರಿಯೋ ನೀನು?" ಅಂದು ಮರಿಯನ್ನು ಬಾಚಿಕೊಂಡಳು. ಅದು ಉಸಿರಾಡುತ್ತಿರಲಿಲ್ಲ. ಅಂಗಳದಲ್ಲಿಟ್ಟು ಅದರ ಮೇಲೆ ಒಂದು ಹಿತ್ತಾಳೆ ಪಾತ್ರೆ ಕವುಚಿ, ಬೆರಳಿನಿಂದ ಟಣ್ ಟಣ್ ಎಂದು ತಟ್ಟತೊಡಗಿದಳು. ಪ್ರಜ್ಞೆ ತಪ್ಪಿದ ಮರಿಯನ್ನು ಎಬ್ಬಿಸಲು ಈ ಸೀಮೆಯ ಹೆಂಗಸರು ಮಾಡುವುದು ಹೀಗೆ. ತಟ್ಟುತ್ತಾ ತಟ್ಟುತ್ತಾ, ಮನೆಯಲ್ಲಿ ಕೂಸಿಗೆ ಜ್ವರ ಬಂದರೂ ಮೇಕೆಗೆ ಹೊಟ್ಟೆ ಉಬ್ಬಿದರೂ ಅವಳ ಬಾಯಿಗೆ ಬರುವ ಮಾತೇ ಬಂತು.

"ಮಾರವ್ವಾ, ಈ ಮರಿ ಉಳಿಸ್ಕೊಡು ತಾಯಿ. ಉಳಿದ್ರೆ ಬರೋ ಹಬ್ಬಕ್ಕೆ ಇದನ್ನೇ ನಿಂಗೆ ಕುಯ್ತೀನಿ."

ಪಾತ್ರೆಯೊಳಗಿಂದ 'ಚೀಂ' ಎಂದು ಸಣ್ಣ ದನಿ ಬಂತು.

ಬಾಗಿಲಲ್ಲಿ ನಿಂತಿದ್ದ ದೇವೀರಮ್ಮ ಬಾಯಿಗೆ ಸೆರಗು ಹಿಡಿದಳು. "ಏನತ್ತೆ, ಉಳಿಸು ಅಂತ ಕೇಳ್ಕಂಡು, ಉಳಿದ್ರೆ ಕುಯ್ತೀನಿ ಅಂದ್ಬುಟ್ರಲ್ಲ!"

ನಿಂಗಾಜಮ್ಮನ ಬೆರಳು ಪಾತ್ರೆಯ ಮೇಲೆ ನಿಂತುಹೋಯಿತು. "ಅಯ್ಯೋ, ಬಾಯಿಗೆ ಬಂದ್ಬುಡ್ತು ಕಣವ್ವ... ಇನ್ನೇನ್ ಮಾಡಾನೆ? ಅಂದದ್ದು ಅಂದಾಯ್ತು." ಅವತ್ತೇ ಮರಿಯ ಕಡ್ಡಿಯಂಥ ಕಾಲಿಗೆ ಅರಿಶಿನ ಹಚ್ಚಿದ ದಾರ ಕಟ್ಟಿದಳು.

ಆ ಮೇಲೆ ಅವಳು ಮಾಡಿದ್ದನ್ನೆಲ್ಲ ನಾನು ಅಡುಗೆಮನೆ ಹೊಸ್ತಿಲಾಚೆ ನಿಂತು ನೋಡಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ, ಅಂಟಿದ ಹಿಕ್ಕೆಯನ್ನು ನೆನೆಸಿ ನೆನೆಸಿ ಬಿಡಿಸಿದಳು. ನಾನು ಮಾಡಿದ ಗಾಯಕ್ಕೆ ಅರಿಶಿನ, ದೀಪದೆಣ್ಣೆ ಹಚ್ಚಿದಳು. ಒಡೆದ ಮಡಕೆಗೆ ಹೊಟ್ಟು ಹರಡಿ ಒಲೆಯ ಪಕ್ಕ ಇಟ್ಟಳು. ಹತ್ತಿಯ ಬತ್ತಿಯನ್ನು ಬೆಳ್ಳುಳ್ಳಿ ನೀರಿಗೆ ಅದ್ದಿ ಕೊಕ್ಕಿನ ಅಂಚಿಗೆ ತಾಗಿಸಿದಳು. ಮಾರನೆಯ ದಿನದಿಂದ ರಾಗಿ ಅಂಬಲಿ. ಅವರೆ ಸುಲಿಯುವಾಗ ಅದು ಅವಳ ಮಡಿಲಲ್ಲಿ. ನಾಲ್ಕನೆಯ ದಿನ ಅದು ಅವಳ ಅಂಗೈಯ ಮೇಲೆ ನಿಂತು ಒಂದು ನುಚ್ಚಿನ ಕಾಳನ್ನು ತಾನೇ ಹೆಕ್ಕಿತು. "ತಿಂದ ಕಣೆ ದೇವೀರಿ!" ಎಂದು ಅವಳು ಕೂಗಿದ ದನಿ ಪಕ್ಕದ ಕೇರಿಗೂ ಕೇಳಿರಬೇಕು.

ಹದಿನೈದು ದಿನಕ್ಕೆ ಅದನ್ನು ತಂದು ನನ್ನ ಗುಂಪಿಗೆ ಬಿಟ್ಟಳು. ನಾನು ಮತ್ತೆ ಕುಟುಕಲು ಹೋದೆ. ಹೌದು, ಮತ್ತೆ. ನನ್ನ ಮರಿಯೆಂದು ಗುರುತೇ ಸಿಗಲಿಲ್ಲ. ಅದರ ಮೈಯೆಲ್ಲ ಒಲೆಯ ಹೊಗೆ, ಸೀರೆಯ ವಾಸನೆ. ಅದು ಎದುರು ನಿಲ್ಲಲಿಲ್ಲ. ನೇರ ಹೋಗಿ ನಿಂಗಾಜಮ್ಮನ ಎರಡು ಕಾಲುಗಳ ನಡುವೆ ನಿಂತಿತು.

ನಾನು ಕುಟುಕಿದ ಜಾಗದಲ್ಲಿ ಪುಕ್ಕ ಹುಟ್ಟಲಿಲ್ಲ. ಅದಕ್ಕೇ ಅವನಿಗೆ ಬೋಳ ಎಂದು ಹೆಸರು. ಅವನು ಕೆಂಪು ಹುಂಜನಾದ. ಕಾಲು ದಪ್ಪವಾದ ಹಾಗೆಲ್ಲ ನಿಂಗಾಜಮ್ಮ ದಾರ ಬಿಚ್ಚಿ, ಸಡಿಲಿಸಿ ಕಟ್ಟುತ್ತಿದ್ದಳು. ಪ್ರತಿ ಸಲ ಕಟ್ಟುವಾಗಲೂ ಸ್ವಲ್ಪ ಹೊತ್ತು ಆ ಕಾಲನ್ನು ಹಿಡಿದೇ ಕೂರುತ್ತಿದ್ದಳು. ಉಳಿದ ಕೋಳಿಗಳು ಮನುಷ್ಯರ ಕೈ ಕಂಡರೆ ಚದುರುತ್ತವೆ. ಬೋಳ ಮಾತ್ರ ಕೈ ಕಂಡರೆ ಓಡಿ ಬರುತ್ತಿದ್ದ. ಕೈಯೆಂದರೆ ಅವನಿಗೆ ತಾಯಿ. ಹಾಗೆ ಮಾಡಿದವಳು ನಾನು.

ಹಬ್ಬದಲ್ಲಿ ಮಾರಮ್ಮನಿಗೆ ಹರಕೆ ಒಪ್ಪಿಸುವ ಮಂಗಳವಾರ ಬಂತು. ಬೆಳಿಗ್ಗೆ ದೇವೀರಮ್ಮ ಒಂದು ಮಾತು ಹೇಳಿದಳು. "ಅತ್ತೆ, ಮರಿ ಬದ್ಲು ತಾಯಿನ ಕೊಟ್ರಾಯ್ತದೆ. ಹೆತ್ತೋಳಲ್ವಾ? ಹೆಂಗಿದ್ರೂ ಮೊಟ್ಟೆ ಕಮ್ಮಿ ಮಾಡವ್ಳೆ. ಮಾರವ್ವ ಹ್ಯಾಟೆ ಒಲ್ಲೆ ಅಂತಾಳಾ?"

ನಿಂಗಾಜಮ್ಮನ ಮುಖ ಅರಳಿತು. "ಅದೂ ಸರಿನೇ. ಕುಟುಕ್ದೋಳು ಅವ್ಳೇ ತಾನೆ" ಅಂದಳು. ಬೋಳನ ಕಾಲಿನ ದಾರ ಬಿಚ್ಚಿ, ನನ್ನ ಕಾಲಿನ ಅಳತೆಗೆ ಹೊಸ ಗಂಟು ಹಾಕಿ, ಕೈಯಲ್ಲಿ ಹಿಡಿದು ನನ್ನತ್ತ ಬಂದಳು.

ನಾನು ಬೇಲಿಯ ಕಳ್ಳಿಯೊಳಗೆ ನುಗ್ಗಿದೆ. ಅವಳು ಬಗ್ಗಿ ನೋಡಿದಳು, ಕೋಲು ಹಾಕಿ ತಿವಿದಳು. ನಾನು ಇನ್ನೂ ಒಳಕ್ಕೆ ಸರಿದೆ. ಅಷ್ಟರಲ್ಲಿ ತಲೆಗೆ ವಸ್ತ್ರ ಸುತ್ತಿ, ಪೂಜೆಯ ಪುಟ್ಟಿ ಹಿಡಿದ ಮಾದಪ್ಪ, "ಅವ್ವಾ, ಯಾವ್ದಾರ ಒಂದು ಹಿಡ್ಕೊಡು. ಎಲ್ರೂ ಹೊಂಟೋದ್ರು" ಎಂದು ಅವಸರ ಮಾಡಿದ. ನಿಂಗಾಜಮ್ಮ ಅಂಗೈ ತುಂಬ ನುಚ್ಚು ತಂದು ಬೇಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕರೆದಳು: "ಬಾ... ಬಾ ಬಾ ಬಾ..."

ಅವಳು ಕರೆದದ್ದು ನನ್ನನ್ನು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ನಾನು ಇಡಲಿಲ್ಲ.

ತಿಪ್ಪೆಯ ಕಡೆಯಿಂದ ಬೋಳ ರೆಕ್ಕೆ ಬಿಚ್ಚಿಕೊಂಡು ಓಡಿಬಂದ. ಒಂದೆರಡು ಕಾಳು ಹೆಕ್ಕಿ, ಅಭ್ಯಾಸದಂತೆ ಅವಳ ಮಡಿಲು ಹತ್ತಿ ಕಣ್ಣು ಮುಚ್ಚಿದ.

ಮಾದಪ್ಪ ನಕ್ಕ. "ಹರಕೆದೇ ಬಂತಲ್ಲವ್ವ! ಮಾರವ್ವನೇ ಕಳ್ಸವ್ಳೆ, ನೀನ್ಯಾಕೆ ಅಡ್ಡ ಬತ್ತೀಯಾ" ಎಂದು ಕಾಲು ಹಿಡಿದು ಎತ್ತಿಕೊಂಡ. ನಿಂಗಾಜಮ್ಮ ಬಾಯಿ ತೆರೆದಳು. ಪಾತ್ರೆ ತಟ್ಟುವಾಗ ಅಷ್ಟು ಸಲೀಸಾಗಿ ಹರಕೆ ಬಂದ ಬಾಯಿಗೆ 'ಬಿಡು' ಎಂಬ ಒಂದು ಮಾತು ಬರಲಿಲ್ಲ. ತಲೆಕೆಳಗಾಗಿ ತೂಗುತ್ತಿದ್ದರೂ ಬೋಳ ಕೂಗಲಿಲ್ಲ. ಕೈಯಲ್ಲೇ ಇದ್ದೇನಲ್ಲ ಎಂದುಕೊಂಡಿರಬೇಕು.

ಅವತ್ತು ಸಾರು ಕುದಿಯುವಾಗ ನಿಂಗಾಜಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ದೇವೀರಮ್ಮ ತಟ್ಟೆ ತಂದಾಗ, "ನಂಗೆ ಹೊಟ್ಟೆ ಸರಿ ಇಲ್ಲ ಕಣವ್ವ, ಮಜ್ಜಿಗೆ ಕೊಡು" ಅಂದಳು. ನಾನು ಮುಳ್ಳು ಚುಚ್ಚಿದ ಮೈಯಲ್ಲಿ ಬೇಲಿಯಿಂದ ಹೊರಬಂದೆ. ಅವಳು ನನ್ನನ್ನು ನೋಡಿದಳು. ಹಿಡಿಯಲೂ ಇಲ್ಲ, ಓಡಿಸಲೂ ಇಲ್ಲ. ನಾನೂ ಅವಳೂ ಬೇರೆ ಬೇರೆ ಕಡೆಗೆ ಮುಖ ತಿರುಗಿಸಿಕೊಂಡೆವು.

ಈಗ ನಾನು ಮೊಟ್ಟೆ ಇಡುವುದಿಲ್ಲ. ಒಂದು ಕಣ್ಣು ಮಂಜು. ನುಗ್ಗೆಮರದ ಮೇಲಿನ ಕೊಂಬೆಗೆ ಹಾರಲಾಗದೆ ಕೆಳಗಿನದರಲ್ಲೇ ಕೂರುತ್ತೇನೆ. ನೆಂಟರು ಬಂದಾಗಲೆಲ್ಲ ಮಾದಪ್ಪ ಸಾರಿಗೆಂದು ನನ್ನನ್ನು ತೋರಿಸುತ್ತಾನೆ. "ಅದ್ರ ತಂಟೆಗೆ ಹೋಗ್ಬ್ಯಾಡ ಕಣ್ಲಾ" ಅನ್ನುತ್ತಾಳೆ ನಿಂಗಾಜಮ್ಮ. ಕಾರಣ ಹೇಳುವುದಿಲ್ಲ. ಅದನ್ನು ಕರುಣೆ ಎಂದು ಎಣಿಸುವಷ್ಟು ಮರುಳು ನಾನಲ್ಲ.

ಅವಳು ಈಗ ಮರಿಗಳಿಗೆ ಅಂಗೈಯಲ್ಲಿ ನುಚ್ಚು ಹಾಕುವುದಿಲ್ಲ. ದೂರದಿಂದ ಎರಚುತ್ತಾಳೆ. ಯಾವುದಾದರೂ ಮರಿ ಸಲುಗೆಯಿಂದ ಕಾಲ ಬಳಿ ಬಂದರೆ, "ಹುಷ್! ಹೋಗು ಅತ್ಲಾಗೆ, ನಂಬ್ಕಂಡು ಬತ್ತೀಯಾ?" ಎಂದು ನೆಲಕ್ಕೆ ಕೈ ಬಡಿದು ಓಡಿಸುತ್ತಾಳೆ. ಅದು ಓಡುವ ತನಕ ಬಿಡುವುದಿಲ್ಲ.

ಅಂದು ಬಿಚ್ಚಿದ ದಾರವನ್ನು ಅವಳು ಯಾರಿಗೂ ಕಟ್ಟಲಿಲ್ಲ, ಎಸೆಯಲೂ ಇಲ್ಲ. ಹಿತ್ತಲ ಗೋಡೆಯ ದೀಪದ ಗೂಡಿನಲ್ಲಿ ಮುದುರಿ ಇಟ್ಟಿದ್ದಾಳೆ. ಅರಿಶಿನ ಹೋಗಿ ಹೊಗೆಯ ಬಣ್ಣಕ್ಕೆ ತಿರುಗಿದೆ. ಸಂಜೆ ಅವಳು ದೀಪ ಹಚ್ಚುವಾಗ ನಾನು ಕೆಳಗಿನ ಕೊಂಬೆಯಿಂದ ಅದನ್ನು ಇರುವ ಒಂದು ಕಣ್ಣಿನಲ್ಲಿ ನೋಡುತ್ತೇನೆ. ನನ್ನ ಕಾಲಿನ ಅಳತೆಗೇ ಹಾಕಿದ ಗಂಟು ಇನ್ನೂ ಹಾಗೇ ಇದೆ.