ಸೋಸಿದ ನೀರು

"ಸುಳ್ಳ ಹೇಳಬ್ಯಾಡ ಲಕ್ಷ್ಮಪ್ಪಾ. ನನ್ನ ಮಾರಿ ನೋಡಿ ಹೇಳು, ನೀರ ಬೆರಸಿದಿ ಇಲ್ಲೋ?"

"ಬೆರಸಿದ್ರ ನನ್ನ ಎಮ್ಮಿ ಗೊಟಕ್ ಅನ್ನಲಿ. ಇದಕ್ಕಿಂತ ಹೆಚ್ಚ ಏನ್ ಹೇಳಲ್ರಿ?"

ಖಾನಾಪುರದ ಆ ಓಣಿ ಇನ್ನೂ ಎದ್ದಿರಲಿಲ್ಲ, ಭೀಮಗೊಂಡನ ಅಂಗಳದಲ್ಲಿ ಆಗಲೇ ಜಗಳ ಹತ್ತಿತ್ತು. ಲಕ್ಷ್ಮಪ್ಪನಿಗೆ ಸೈಕಲ್ಲಿನಿಂದ ಹಾಲಿನ ಕ್ಯಾನು ಇಳಿಸುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ.

ಭೀಮಗೊಂಡ ಮೋಟಾರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ದಿನಾ ಬೆಳಗಾವಿಯ ಟಿಳಕವಾಡಿಗೆ ಹೋಗಿ ಮನೆಮನೆಗೆ ಹಾಲು ಹಾಕುವವನು. ಅವನವು ಎರಡೇ ಎಮ್ಮೆ. ಉಳಿದ ಹಾಲೆಲ್ಲ ಲಕ್ಷ್ಮಪ್ಪನದು. ನಿನ್ನೆ ಟಿಳಕವಾಡಿಯ ತಿರುವಿನಲ್ಲಿ ತಪಾಸಣೆಯ ಸಾಹೇಬರು ಗಾಡಿ ನಿಲ್ಲಿಸಿ, ಕ್ಯಾನಿನೊಳಗೆ ಹಾಲು ಗಟ್ಟಿಯೋ ನೀರೋ ಎಂದು ಡಿಗ್ರಿ ನೋಡುವ ಗಾಜು ಬಿಟ್ಟಿದ್ದರು. ಗಾಜು ಆಳಕ್ಕೆ ಇಳಿಯಿತು. "ನೀರು ಹಾಕೀರಿ" ಎಂದರು. "ಒಂದ ಹನಿ ಹಾಕಿಲ್ರಿ, ಬಸದಿ ಆಣಿ" ಎಂದು ಭೀಮಗೊಂಡ ಗಂಟಲು ಹರಿದುಕೊಂಡ. ಪಾತೇಲಿ ಹಿಡಿದು ನಿಂತ ಹೆಂಗಸರ ಎದುರಿಗೇ ಹಾಲು ಗಟಾರ ಸೇರಿತು. ಇನ್ನೊಮ್ಮೆ ಸಿಕ್ಕರೆ ಪರವಾನಗಿ ರದ್ದು ಎಂದಿದ್ದರು ಸಾಹೇಬರು. ಬರುವಾಗ ಭೀಮಗೊಂಡ ಪೇಟೆಯಲ್ಲಿ ಅಂಥದೇ ಗಾಜೊಂದನ್ನು ಕೊಂಡು ತಂದಿದ್ದ, ಲಕ್ಷ್ಮಪ್ಪನನ್ನು ಹಿಡಿಯಲೆಂದೇ.

"ಬಿಡ್ರಿ ಹಂಗಾರ ಆ ಗಾಜ" ಎಂದು ಲಕ್ಷ್ಮಪ್ಪ ಕ್ಯಾನು ಇಳಿಸಿ ಮುಚ್ಚಳ ತೆಗೆದ.

ಭೀಮಗೊಂಡ ಬಿಟ್ಟ. ಗಾಜು ಮುಳುಗಲಿಲ್ಲ, ಗತ್ತಿನಿಂದ ನಿಂತಿತು.

"ಏನ್ ಹೇಳತೈತ್ರಿ ನಿಮ್ಮ ಗಾಜು?"

"ಇವತ್ತ ಹೆದರಿ ಛಲೋ ತಂದಿ. ನಿನ್ನಿ ಮಾತ ಬ್ಯಾರೆ."

"ನಿನ್ನಿ ಸುದ್ದಿ ನೀವ ಹೇಳಿದ್ದು ಈಗ. ಹೆದರಾಕ ನನಗ ಕನಸ ಬಿದ್ದಿತ್ತೇನ್ರಿ, ಭೀಮಣ್ಣಾ?"

ಉತ್ತರ ಹೊಳೆಯದಿದ್ದಾಗ ದನಿ ಏರಿಸುವುದು ಭೀಮಗೊಂಡನ ರೂಢಿ. "ಬಾಯಿ ಬಾಳ ಆತು ನಿಂದು. ಸುರಿ ಮೊದಲ."

ಲಕ್ಷ್ಮಪ್ಪ ಸುರಿದ. ದೊಡ್ಡ ಕ್ಯಾನಿನ ಬಾಯಿಗೆ ಕಟ್ಟಿದ ಬಿಳಿ ಅರಿವೆಯ ಮೇಲೆ ನೊರೆ ಎದ್ದು ಕುಸಿಯಿತು. ಭೀಮಗೊಂಡ ಅರಿವೆ ಬಿಚ್ಚಿ ಹಿಂಡುತ್ತಿರುವಾಗ ಅವನ ತಾಯಿ ಅಕ್ಕಾತಾಯಿ ಒಳಗಿನಿಂದ ತಾಮ್ರದ ತಂಬಿಗೆ ಹಿಡಿದು ಬಂದಳು. ಬರೀ ಹಾಲು ಹೊಸ್ತಿಲು ದಾಟಿದರೆ ಎಮ್ಮೆಯ ಕೆಚ್ಚಲಿಗೆ ದೃಷ್ಟಿಯಾಗುತ್ತದೆಂದು ಸೋಸಿದ ನೀರನ್ನು ನಾಲ್ಕು ಹನಿ ಬಿಡುವುದು ಆ ಮನೆಯ ಪದ್ಧತಿ. ಭೀಮಗೊಂಡ ಹುಟ್ಟಿದಾಗಿನಿಂದ ಅದನ್ನು ನೋಡುತ್ತಲೇ ಇದ್ದ. ನೋಡಿ ನೋಡಿ, ನೋಡುವುದನ್ನೇ ಬಿಟ್ಟಿದ್ದ. ಈಗ ಮುದುಕಿಯ ಕೈ ನಡುಗುತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. ತಂಬಿಗೆ ಬಾಗಿತು, ನೀರೆಲ್ಲ ಗಳಗಳನೆ ಕ್ಯಾನಿಗೆ ಇಳಿಯಿತು.

ಲಕ್ಷ್ಮಪ್ಪ ಕಟ್ಟೆಯ ಮೇಲಿದ್ದ ಗಾಜು ತೆಗೆದುಕೊಂಡು ದೊಡ್ಡ ಕ್ಯಾನಿಗೆ ಬಿಟ್ಟ. ಅದು ನಿನ್ನೆಯಂತೆಯೇ ಆಳಕ್ಕೆ ಇಳಿಯಿತು.

"ದಿನಾ ಇಷ್ಟ ಹಾಕ್ತೀರೇನ್ರಿ ಆಯಿ?"

"ನಾಕ ಹನಿ ಹಾಕ್ತೇನೋ ತಮ್ಮಾ" ಎಂದಳು ಅಕ್ಕಾತಾಯಿ.

ಭೀಮಗೊಂಡನ ಕಿವಿ ಬಿಸಿಯಾದವು. ತಪ್ಪಾಯಿತು ಎಂಬ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಕೂತಿತು. ಹೊರಗೆ ಬಂದದ್ದು ಬೇರೆ.

"ಅದು ನೀರಲ್ಲೋ. ಅದು ಶಾಸ್ತ್ರ."

"ಹೌದ್ರಿ" ಎಂದ ಲಕ್ಷ್ಮಪ್ಪ. "ನಾ ಹಾಕಿದ್ರ ನೀರು, ನೀವ ಹಾಕಿದ್ರ ಶಾಸ್ತ್ರ."

ತನ್ನ ಖಾಲಿ ಕ್ಯಾನು ಸೈಕಲ್ಲಿಗೆ ಸಿಗಿಸಿಕೊಂಡು, ಮುದುಕಿಗೆ ಕೈ ಮುಗಿದು ಹೊರಟ. ಭೀಮಗೊಂಡ "ಏ ನಿಂದರೋ" ಎಂದ, ಕರೆದಂತಲ್ಲ, ಗದರಿದಂತೆ. ಸೈಕಲ್ಲು ಓಣಿಯ ತಿರುವು ದಾಟಿತು.

ಮರುದಿನ ಭೀಮಗೊಂಡ ಬೇಗ ಎದ್ದ. ತಾಮ್ರದ ತಂಬಿಗೆಯನ್ನು ಗೋಡೆಯ ಎತ್ತರದ ಮಾಡದಲ್ಲಿ, ತಾಯಿಯ ಕೈಗೆ ಎಟುಕದಂತೆ ಇಟ್ಟ. ಕ್ಯಾನಿನ ಬಾಯಿಗೆ ತೊಯ್ದ ಅರಿವೆ ಬಿಗಿದು ಕಟ್ಟಿ ಕಟ್ಟೆಯ ಮೇಲೆ ಕೂತ. ಟಿಳಕವಾಡಿಗೆ ಹೊರಡುವ ಹೊತ್ತು ಮೀರಿತು.

"ಲಕ್ಷ್ಮಪ್ಪ ಬಂದನೇನೋ?" ಒಳಗಿನಿಂದ ಅಕ್ಕಾತಾಯಿ ಕೇಳಿದಳು.

ಬಿಸಿಲು ಅಂಗಳಕ್ಕೆ ಇಳಿದಿತ್ತು. ಕ್ಯಾನಿನ ಮೇಲಿನ ಅರಿವೆ ಒಣಗಿ ಹಪ್ಪಳದಂತೆ ಸೆಟೆದುಕೊಂಡಿತ್ತು.