ಮಲ್ಲಕ್ಕ ಟೀಚರ ಏಳನೇ ತರಗತಿ

"ಇನ್ನೊಂದು ಸುತ್ತು ಬಿಗೀರಿ, ಮತ್ತೆ ಎಡಕ್ಕೆ ವಾಲ್ತೈತೆ," ಎನ್ನುತ್ತ ನಿರಂಜನ್ ತಾಯಿಯ ಗದ್ದದ ಕೆಳಗೆ ಹಾಯಿಸಿದ್ದ ಬಿಳಿ ಬಟ್ಟೆಯನ್ನು ಹಿಂದಿನ ಹಲಗೆಗೆ ಎಳೆದು ಹಿಡಿದ. ಮಲ್ಲಕ್ಕ ಟೀಚರ ದೇಹವನ್ನು ಮನೆಯ ಪದ್ಧತಿಯಂತೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಎಷ್ಟು ಬಿಗಿದರೂ ತಲೆ ಮಾತ್ರ ಎಡಕ್ಕೇ ಜಾರುತ್ತಿತ್ತು.

"ಬಿಡಪ್ಪ ನಿರಂಜನ್," ಎಂದರು ಹೆಡ್‌ಮಾಸ್ಟರ್ ಚಿತ್ರಲಿಂಗಪ್ಪ. "ಕ್ಲಾಸ್‌ನಾಗೂ ಹಂಗೇ ನಿಲ್ತಿದ್ರು. ಈಗ ನೀನು ತಿದ್ತೀಯಾ?"

ಕಂಬಕ್ಕೊರಗಿ ನಿಂತಿದ್ದ ಪ್ರೀತಿ ಆ ವಾಲಿದ ತಲೆಯನ್ನೇ ನೋಡುತ್ತಿದ್ದಳು. ಅವಳು ಹೊಳಲ್ಕೆರೆಯ ಆ ಶಾಲೆಗೆ ಬಿ.ಎಡ್. ತರಬೇತಿಗೆ ಬಂದವಳು. ಏಳನೇ ತರಗತಿ ಅವಳ ಪಾಲಿಗೆ ಸಂತೆಯಾಗಿತ್ತು. ಸೋಮವಾರ ಕಾಲೇಜಿನವರು ಅವಳ ಪಾಠ ನೋಡಲು ಮತ್ತೆ ಬರುವವರಿದ್ದರು. ಈ ಸಲವೂ ಮಕ್ಕಳು ಕೈಗೆ ಸಿಗದಿದ್ದರೆ ವರ್ಷವೇ ಹೋದಂತೆ. ಅದೇ ಮಕ್ಕಳು, ಮಲ್ಲಕ್ಕ ಟೀಚರ್ ಹೊಸ್ತಿಲು ದಾಟಿದರೆ ಸಾಕು, ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಿದ್ದರು. ಅದು ಹೇಗೆಂದು ತಿಳಿಯುವ ಮೊದಲೇ, ನಿನ್ನೆ ಎದೆನೋವೆಂದು ಮಲಗಿದ ಟೀಚರ್ ಏಳಲಿಲ್ಲ.

*

"ಬೆತ್ತ ಇಲ್ಲ, ಬೈಗುಳ ಇಲ್ಲ. ಏನ್ ಮಾಡ್ತೀರಿ ಟೀಚರ್ ನೀವು?" ಹೋದ ವಾರ ಸ್ಟಾಫ್‌ರೂಮಿನಲ್ಲಿ ಪ್ರೀತಿ ಕೇಳಿದ್ದಳು.

ಮಲ್ಲಕ್ಕ ಮಂಡಕ್ಕಿಯ ಜೊತೆ ಹಸಿಮೆಣಸಿನಕಾಯಿ ಕಚ್ಚಿಕೊಂಡು, "ನಾನೇನ್ ಮಾಡ್ತೀನಿ ತಾಯಿ, ಅವ್ರೇ ಮಾಡ್ತಾರೆ. ಹಿಂದೆ ಕುಂತ್ಕಂಡು ನೋಡು," ಎಂದಿದ್ದರು.

ನೋಡಿದಳು. ಯಾವ ಮಗು ಬಾಯಿ ತೆರೆದರೂ ಟೀಚರ್ ಅದರ ಹತ್ತಿರ ಹೋಗಿ, ಮುಖ ಎಡಕ್ಕೆ ತಿರುಗಿಸಿ ತಲೆ ವಾಲಿಸಿ ನಿಲ್ಲುತ್ತಿದ್ದರು. ಕಂಡದ್ದು ಅಷ್ಟೇ. ಹಿಂದೆ ತರಬೇತಿಗೆ ಬಂದವರೂ ಅದನ್ನೇ ಕಲಿತು ಹೋಗಿದ್ದರಂತೆ. ಪ್ರೀತಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಮರುದಿನ ತಾನೂ ವಾಲಿದಳು.

"ಮಿಸ್ ಕತ್ತು ಉಳುಕೈತೆ ಕಣ್ರೋ," ಎಂದಿತು ಹಿಂದಿನ ಬೆಂಚು. ತರಗತಿ ಬಿದ್ದು ಬಿದ್ದು ನಕ್ಕಿತು.

*

ಸಾವಿನ ಮನೆಯಲ್ಲಿ ಕೇಳುವ ಮಾತಲ್ಲವೆಂದು ಗೊತ್ತಿದ್ದರೂ ಪ್ರೀತಿಗೆ ತಡೆಯಲಾಗಲಿಲ್ಲ. "ಮನೇಲಿ ನಿಮ್ಮನ್ನ ಹೆಂಗೆ ಸುಮ್ನಿರಿಸ್ತಿದ್ರು ಸರ್?"

ನಿರಂಜನ್ ಸಣ್ಣಗೆ ನಕ್ಕ. "ನಮ್ಮಮ್ಮನಾ? ನಾವು ಹಿಂದಿನಿಂದ ಕರೆದ್ರೆ ತಿರುಗ್ತಾನೇ ಇರ್ಲಿಲ್ಲ. ಎಲ್ಲೋ ಧ್ಯಾನ ಅಂತ ಬೈತಿದ್ವಿ."

ಅಷ್ಟರಲ್ಲಿ ಬೀದಿಯ ತಿರುವಿನಿಂದ ಮಕ್ಕಳ ಗದ್ದಲ ಕೇಳಿತು. "ಪ್ರೀತಿ, ಸಾಲು ಮಾಡ್ಸಮ್ಮ," ಎಂದರು ಹೆಡ್‌ಮಾಸ್ಟರ್. ಅವಳು ಕೂಗಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಚಪ್ಪರದೊಳಗೆ ಬಂದದ್ದೇ ಮಕ್ಕಳು ತಾವಾಗಿ ಸಾಲಾದವು.

ದೊಡ್ಡವರೆಲ್ಲ ಬಾಗಿಲ ಪಕ್ಕದಿಂದ, ಟೀಚರ ಎಡಕ್ಕೆ ಬಂದು ಹೂವು ಹಾಕಿ ಹೋಗುತ್ತಿದ್ದರು. ಮಕ್ಕಳು ಆ ದಾರಿ ಬಿಟ್ಟು, ಗೋಡೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ತೂರಿ ಬಲಕ್ಕೆ ಹೋದವು. ಒಬ್ಬೊಬ್ಬರಾಗಿ ಬಗ್ಗಿ ಟೀಚರ ಬಲಗಿವಿಯಲ್ಲಿ ಏನೋ ಹೇಳತೊಡಗಿದವು.

ಪ್ರೀತಿ ಸಾಲಿನಲ್ಲಿದ್ದ ಮೋನಿಕಾಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಯಾಕೆ ಆ ಕಡೆಯಿಂದ?"

"ಟೀಚರ್‌ಗೆ ಈ ಕಡೆ ಕಿವಿ ಕೇಳಲ್ಲ ಮಿಸ್. ಎಲ್ರೂ ಒಟ್ಟಿಗೆ ಮಾತಾಡಿದ್ರೆ ಅವ್ರಿಗೆ ಏನೂ ತಿಳೀತಿರ್ಲಿಲ್ಲ. ಅದ್ಕೇ ನಾವು ಒಬ್ಬೊಬ್ರೇ."

"ಯಾರು ಹೇಳಿದ್ರು ನಿಂಗೆ?"

"ಅವ್ರೇ. ಹೊರಗೆ ಹೇಳ್ಬ್ಯಾಡ್ರಿ ಅಂದಿದ್ರು. ಈಗ ಹೇಳ್ಬೋದಲ್ವಾ?" ಹುಡುಗಿ ಪ್ರೀತಿಯ ಮುಖ ನೋಡಿದಳು. "ನಿಮ್ಗೆ ಎರಡೂ ಕೇಳ್ತಾವಲ್ಲ ಮಿಸ್. ಸುಮ್ಸುಮ್ನೆ ವಾಲ್ತಿದ್ರಿ."

ಹಿಂದೆ ನಿಂತಿದ್ದ ನಿರಂಜನ್ ಬಗ್ಗಿದ. "ಯಾವ ಕಿವಿ ಅಂದೆ ಪುಟ್ಟಿ?" ಎಂದ ಮೆಲ್ಲಗೆ. ಮೋನಿಕಾ ತನ್ನ ಎಡಗಿವಿ ಮುಟ್ಟಿ ತೋರಿಸಿದಳು. ಅವನು ತಾನು ಬೆಳಗಿನಿಂದ ಕೂತಿದ್ದ ಜಾಗವನ್ನು, ತಾಯಿಯ ಎಡಮಗ್ಗುಲನ್ನು, ನೋಡುತ್ತ ನಿಂತುಬಿಟ್ಟ.

"ನಂಗೂ ಒಂದು ಮಾತು ಹೇಳ್ಬೇಕಿತ್ತು," ಎಂದಳು ಪ್ರೀತಿ.

"ಸಾಲಿಗೆ ಬರ್ರಿ ಮಿಸ್."

ಮೋನಿಕಾಳ ಸರದಿ ಮುಗಿದ ಮೇಲೆ ಪ್ರೀತಿ ಸಂದಿಯಲ್ಲಿ ತೂರಿ ಬಗ್ಗಿದಳು. ಕೇಳಬೇಕೆಂದುಕೊಂಡದ್ದನ್ನೆಲ್ಲ ಬಿಟ್ಟು, "ಸೋಮವಾರ ಅಂದ್ರೆ ಭಯ ಆಗ್ತೈತೆ ಟೀಚರ್," ಎಂದಳು. ಟೀಚರಿಗೆ ಕೇಳಿಸಲೆಂದು ಮಕ್ಕಳೆಲ್ಲ ಉಸಿರು ಹಿಡಿದು ನಿಂತಿದ್ದರಿಂದ ಆ ಪಿಸುಮಾತು ಸಾಲಿನ ಕೊನೆಯವರೆಗೂ ಹೋಯಿತು. ಯಾರೂ ನಗಲಿಲ್ಲ.

ಮೋನಿಕಾ ಕೈ ಚಾಚಿ, ಟೀಚರ ಬಲಗಿವಿಯ ಮೇಲೆ ಜಾರಿದ್ದ ಸೆರಗನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿದಳು. "ಇನ್ನೊಂದ್ಸಲ ಹೇಳ್ರಿ ಮಿಸ್."