ನೆಲಕ್ಕಂಟಿದ ಮಾಲು

“ಅದರಾಗ ನಿನ್ನ ಗಂಡಂದೇನದ ಬೇ? ಮಾಲು ನಂದು. ಎಬ್ಬಿಸ್ಲೇ ಖಾಸಿಂ, ಆ ರಂಡಿ ಮಾರಿ ಏನ್ ನೋಡಾಕತ್ತಿ?”

ಪಂಪಾಪತಿ ಸಾವ್ಕಾರ ಹೊಸ್ತಿಲಿನಾಚೆ ಬೈಕಿನ ಮೇಲೆ ಕುಳಿತೇ ಬೈಯುತ್ತಿದ್ದ. ಒಳಗೆ ಬರುವ ಪೈಕಿಯಲ್ಲ. ದಲಿತ ಕೇರಿಯ ಮನೆಯಲ್ಲಿ ಕರಗಿದ ಅಲ್ಯೂಮಿನಿಯಂ ಅವನ ಟೆಂಪೋ ಏರಬಹುದಿತ್ತು, ಅವನ ಪಾದ ಮಾತ್ರ ಆ ಹೊಸ್ತಿಲು ದಾಟುವಂತಿರಲಿಲ್ಲ.

ಒಳಗೆ ಖಾಸಿಂ ಸಾಬ್ ಉಳಿ, ಸುತ್ತಿಗೆ ಹಿಡಿದು ಮೊಣಕಾಲೂರಿದ್ದ. ಸಾವ್ಕಾರನ ಗುಜರಿ ಅಂಗಡಿಯಲ್ಲಿ ತಗಡು ಕತ್ತರಿಸುವ ಆಳು. ಅವನೆದುರಿಗೆ ಪರಸಿ ಕಲ್ಲಿನ ನೆಲಕ್ಕೆ ಅಂಟಿಕೊಂಡು ಹೆಪ್ಪುಗಟ್ಟಿದ ಬೆಳ್ಳನೆಯ ಗಡ್ಡೆ. ಅದರ ಮೇಲೆ ಅಂಗೈಯಿಟ್ಟು ಪಾರ್ವತೆಮ್ಮ ಕೂತಿದ್ದಳು. ಗಂಡ ಸುಂಕಪ್ಪನನ್ನು ಮಣ್ಣು ಮಾಡಿ ಮೂರನೆಯ ದಿನ. ಗಂಡನ ಬಲಪಾದದ ಮುಂಭಾಗ ಇನ್ನೂ ಆ ಗಡ್ಡೆಯೊಳಗಿತ್ತು.

ದೇವದುರ್ಗ, ಮಾನ್ವಿ ಕಡೆಯಿಂದ ಸಾವ್ಕಾರನ ಅಂಗಡಿಗೆ ಸೊಟ್ಟಾದ ಅಲ್ಯೂಮಿನಿಯಂ ಡಬರಿ, ಸೀಳಿದ ಕುಕ್ಕರು, ಕಿಟಕಿಯ ಚೌಕಟ್ಟು, ಫ್ಯಾನಿನ ರೆಕ್ಕೆ ರಾಶಿ ರಾಶಿ ಬಂದು ಬೀಳುತ್ತಿದ್ದವು. ಅಂಗಡಿಯಲ್ಲೇ ಭಟ್ಟಿ ಹೂಡಿದರೆ ಲೈಸೆನ್ಸು, ಹೊಗೆಯ ತಕರಾರು, ಜೀಪಿನಲ್ಲಿ ಬರುವ ಸಾಹೇಬರು. ಕೇರಿಯ ಮನೆಗಳಲ್ಲಿ ಹೂಡಿಸಿದರೆ ಯಾವ ರಗಳೆಯೂ ಇಲ್ಲ. ಅಲ್ಲಿ ಹೊಗೆಯೆದ್ದರೆ ಅನ್ನ ಬೇಯುತ್ತಿದೆ ಎಂದೇ ರಾಯಚೂರು ತಿಳಿದುಕೊಳ್ಳುತ್ತದೆ. ಮಸರಕಲ್ಲಿನಿಂದ ಹೊಟ್ಟೆಪಾಡಿಗೆ ಬಂದ ಸುಂಕಪ್ಪ ಹಾಗೆ ಇದ್ದೊಂದು ಕೋಣೆಯನ್ನು ಭಟ್ಟಿಗೆ ಬಿಟ್ಟುಕೊಟ್ಟು, ಹೆಂಡತಿಯೊಂದಿಗೆ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ.

ಅಮಾವಾಸ್ಯೆಗೆ ಭಟ್ಟಿಗೆ ಕಾಯಿ ಒಡೆಸುವುದು ಸಾವ್ಕಾರನ ಕಟ್ಟಳೆ. ಎಂದಿನ ಅಮಾವಾಸ್ಯೆಗೆ ಬೆಂಕಿ ಆರಿಸಿರುತ್ತಿದ್ದರು. ಈ ಸಲ ಹೈದರಾಬಾದಿನ ಲಾರಿ ಬಂದು ಕಾಯುತ್ತಿತ್ತು.

“ಧಣಿ, ಕಡಾಯಿ ತುಂಬ ಕರಗಿದ್ದದರಿ,” ಎಂದಿದ್ದ ಸುಂಕಪ್ಪ. “ಒಂದೀಟು ನೀರು ಒಳಗ ಹ್ವಾದ್ರ ಸಿಡಿತದ. ಪೂಜಿ ನಾಳಿ ಮಾಡಾಣ್ರಿ.”

“ಹಾಟ್ಯಾನ ಮಗನ, ದೇವರ ಕಾಯಿಗಿ ಹೆಸರಿಡ್ತೀಯೇನ್ಲೇ? ಈರಯ್ಯನೋರು ಬಂದು ನಿಂತಾರ. ಬೆಂಕಿ ಆರಿಸಬ್ಯಾಡ, ಪೂಜಿನೂ ನಿಲ್ಲಿಸಬ್ಯಾಡ.”

ಪೂಜಾರಿ ಈರಯ್ಯ ಓಣಿಯಲ್ಲೇ ನಿಂತು ಮಂತ್ರ ಹೇಳಿದ. ಬಾಗಿಲ ಕಲ್ಲಿಗೆ ಕಾಯಿ ಒಡೆದ. ಬೇರೆ ಜಾತಿಯವರ ಮನೆಯಾದರೆ ಒಳಗೆ ಹೋಗಿ ದೇವರ ಮುಂದೆ ಮೆಲ್ಲಗೆ ಹೋಳು ಇಟ್ಟು ಬರುತ್ತಿದ್ದ. ಈ ಮನೆಗೆ ಅವನು ಯಾವಾಗಲೂ ಹೊರಗಿನಿಂದಲೇ ಎಸೆಯುತ್ತಿದ್ದ, ಸುಂಕಪ್ಪ ಟವಲ್ ಚಾಚಿ ಹಿಡಿಯುತ್ತಿದ್ದ. ಎಷ್ಟೋ ವರ್ಷದ ರೂಢಿ, ಒಮ್ಮೆಯೂ ತಪ್ಪಿರಲಿಲ್ಲ. ಅಂದು ಸುಂಕಪ್ಪನ ಬಲಗೈಯಲ್ಲಿ ಇಕ್ಕಳವಿತ್ತು. ಒಂದೇ ಕೈಯಲ್ಲಿ ಚಾಚಿದ ಟವಲಿನ ಅಂಚಿಗೆ ಬಡಿದ ಹೋಳು, ಒಳಗಿನ ನೀರು ಸಮೇತ, ಕಡಾಯಿಗೆ ಬಿತ್ತು.

ಕಟ್ಟೆಯ ಮೇಲೆ ಇದ್ದಲು ಒಡೆಯುತ್ತಿದ್ದ ಪಾರ್ವತೆಮ್ಮನಿಗೆ ತಲೆಯ ಮೇಲಿನ ತಗಡೇ ಕಿತ್ತು ಹೋದಂತಾಯಿತು. ಓಣಿಯವರು ಬಂದು ಸುಂಕಪ್ಪನನ್ನು ಹೊರಗೆಳೆದಾಗ, ಕಡಾಯಿ ಸಿಡಿದು ನೆಲದಲ್ಲಿ ಹರಿದು ಹೆಪ್ಪುಗಟ್ಟಿದ್ದ ಲೋಹದಿಂದ ಬಲಗಾಲು ಪೂರ್ತಿ ಬರಲಿಲ್ಲ. ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಜೀವ ಹೋಯಿತು. ಅಡುಗೆಯ ಸ್ಟೋವ್ ಸಿಡಿಯಿತೆಂದು ಸಾವ್ಕಾರ ಪೊಲೀಸರಿಗೆ ಹೇಳಿದ. ಈರಯ್ಯನೂ ನೆಲ ನೋಡುತ್ತ ಹಾಗೇ ಹೇಳಿದ. ಅವರು ಹೌದೆಂದು ಬರೆದುಕೊಂಡು ಹೋದರು.

“ಯಪ್ಪಾ, ಇವತ್ತೊಂದಿನ ಬಿಡ್ರಿ,” ಗಡ್ಡೆಯ ಮೇಲಿನ ಅಂಗೈ ತೆಗೆಯದೆ ಎಂದಳು ಪಾರ್ವತೆಮ್ಮ. “ಇವತ್ತು ಹಾಲು ತುಪ್ಪ ಬಿಡೋದದ. ನನ್ನ ಮೈದ್ನ ಕುಣಿ ಹತ್ರ ಕಾಯಾಕತ್ತಾನ. ಇದನ್ನ ಅವನ ಕಾಲ ಹತ್ರ ಇಟ್ಟು ಮಣ್ಣೆಳಿತೀವಿ. ಅರ್ಧ ಕಾಲಿನ್ಯಾಗ ಅವ ಹ್ಯಾಂಗ ಹೋಗ್ತಾನ್ರಿ?”

ಚಳಿಗಾಲದಲ್ಲಿ ಆ ಪಾದ ತಣ್ಣಗಿರುತ್ತಿತ್ತು. ಅವಳ ಮೀನಖಂಡಕ್ಕೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ‘ನಿನ್ನ ಕಾಲಿಗಿಷ್ಟು ಬೆಂಕಿ ಹಾಕ’ ಎಂದು ಅವಳು ಒದರುತ್ತಿದ್ದಳು, ಅವನು ನಗುತ್ತಿದ್ದ. ಆ ಮಾತು ಈಗ ಪಾರ್ವತೆಮ್ಮನಿಗೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡಳು.

ಖಾಸಿಂ ಸಾಬ್ ಅಂಚಿಗೆ ಉಳಿಯಿಟ್ಟು ಎರಡು ಏಟು ಹಾಕಿದ. ಒಂದು ಚಕ್ಕೆ ಹಾರಿತು. ಅವನು ಬಗ್ಗಿ ನೋಡಿ, ಉಳಿಯನ್ನು ನೆಲಕ್ಕಿಟ್ಟ.

“ನನ್ನ ಕೈಲಿ ಆಗಂಗಿಲ್ರಿ ಸಾವ್ಕಾರ್ರ. ಉಗುರು ಕಾಣಾಕತ್ತದ.”

“ಉಗುರಿದ್ರ ಇರ್ಲಿ ತಗೋ. ಇನ್ನೊಮ್ಮಿ ಕರಗಿಸಿದ್ರ ಸುಟ್ಟು ಹೋಗ್ತದ, ಮಾಲು ಸ್ವಚ್ಛ ಆಗ್ತದ.”

ಖಾಸಿಂ ಸಾಬ್ ಎದ್ದು ಗೋಡೆಗೆ ಆತು ನಿಂತ. ಸಾವ್ಕಾರನ ದನಿ ಏರಿತು.

“ನನ್ನ ಮಾಲು ಕುಣಿಯಾಗ ಮುಚ್ಚಿಟ್ಟು, ನಾಲ್ಕು ದಿನ ಬಿಟ್ಟು ಅಗದು ಮಾರ್ಕೊಳ್ಳಾಕೇನಬೇ? ಕಳವು ಮಾಡೋದು ನಿಮ್ಮ ರಕ್ತದಾಗೇ ಬಂದದ.”

ಕಳವು ಎಂಬ ಮಾತಿಗೆ ಪಾರ್ವತೆಮ್ಮ ತಲೆಯೆತ್ತಿದಳು. ನೆಲಕ್ಕೆ ಸಿಡಿದ ಹನಿಗಳನ್ನೂ ಗುಡಿಸಿ, ಬೂದಿಯಿಂದ ಆರಿಸಿ, ಸಾವ್ಕಾರನ ಚೀಲಕ್ಕೇ ಹಾಕುತ್ತಿದ್ದ ಮನುಷ್ಯ ಸುಂಕಪ್ಪ. ಮನೆಗೊಂದು ಸೌಟು ಎರಕ ಹೊಯ್ದುಕೊಡೆಂದು ಅವಳು ಕೇಳಿದಾಗ, ಪರರ ಸೊತ್ತು ಬ್ಯಾಡ ಎಂದಿದ್ದ. ಅವಳ ಕಣ್ಣೀರು ಅಲ್ಲಿಗೇ ನಿಂತುಹೋಯಿತು.

ಉಳಿ, ಸುತ್ತಿಗೆಯನ್ನು ತಾನೇ ಕೈಗೆತ್ತಿಕೊಂಡಳು. ಗಡ್ಡೆಗೆ ತಾಗದಂತೆ ಸುತ್ತಲಿನ ಪರಸಿಯನ್ನು ಒಡೆಯತೊಡಗಿದಳು. ಗಡ್ಡೆ ಎದ್ದಾಗ ಗಂಡನ ಹಳೆಯ ಅಂಗಿಯಲ್ಲಿ ಸುತ್ತಿ, ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತುಕೊಂಡಳು. ಕೇರಿಯ ಹೆಂಗಸರು ಸುಡುಗಾಡಿನ ದಾರಿ ಬಿಟ್ಟು ಸರಿದು ನಿಂತರು. ಪಾರ್ವತೆಮ್ಮ ಆ ದಾರಿ ಹಿಡಿಯಲಿಲ್ಲ. ಮಾನ್ವಿ ರಸ್ತೆಗೆ ತಿರುಗಿದಳು.

“ಎಲ್ಲಿಗಿ ಒಯ್ಯಾಕತ್ತಿ ಬೇ?” ಎನ್ನುತ್ತ ಸಾವ್ಕಾರ ಬೈಕಿನಲ್ಲಿ ಬೆನ್ನುಹತ್ತಿದ. ಖಾಸಿಂ ಸಾಬ್ ನಡೆದುಕೊಂಡೇ ಹಿಂದೆ ಬಂದ.

ಗುಜರಿ ಅಂಗಡಿಯ ಮುಂದೆ ಮಾಲು ತಂದವರ ಸಾಲಿತ್ತು. ಪಾರ್ವತೆಮ್ಮ ನೇರ ಒಳಗೆ ಹೋಗಿ, ತೂಕದ ಯಂತ್ರದ ತಗಡಿನ ಮೇಲೆ ಗಡ್ಡೆಯಿಳಿಸಿ ಅಂಗಿ ಬಿಚ್ಚಿದಳು. ಉಗುರು ಕಂಡವರು ಹಿಂದೆ ಸರಿದರು. ಯಾರದೋ ಕೈಯಿಂದ ಡಬರಿ ಜಾರಿ ಬಿತ್ತು.

“ತೂಗ್ರಿ,” ಎಂದಳು. “ನಿಮ್ಮ ಮಾಲೆಷ್ಟು, ನನ್ನ ಗಂಡ ಎಷ್ಟು, ಬ್ಯಾರೆ ಬ್ಯಾರೆ ಮಾಡಿ ತೂಗ್ರಿ. ನಿಮ್ಮದು ನೀವಿಟ್ಕೋರಿ, ನನ್ನದು ನನಗ ಕೊಡ್ರಿ. ಕಳವಿನ ಮಾಲಿನ ಸಂಗಾಟ ಅವನ್ನ ನಾ ಮಣ್ಣಾಗಿಡಂಗಿಲ್ಲ.”

“ಖಾಸಿಂ, ತಗದು ಹೊರಗ ಒಗಿ ಅದನ್ನ,” ಎಂದ ಸಾವ್ಕಾರ.

ಖಾಸಿಂ ಸಾಬ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಉಳಿದ ಆಳುಗಳು ರಸ್ತೆ ನೋಡುತ್ತ ನಿಂತರು. ಸಾವ್ಕಾರ ತಾನೇ ಮುಂದೆ ಬಂದು, ಬಗ್ಗಿ, ಗಡ್ಡೆಯ ಮೇಲೆ ಕೈ ಚಾಚಿದ. ಗೇಣಂತರದಲ್ಲಿ ಕೈ ತಡೆಯಿತು. ಹಿಂದಕ್ಕೆಳೆದುಕೊಂಡ.

“ಮುಟ್ರಿ,” ಎಂದಳು ಪಾರ್ವತೆಮ್ಮ.

ಅವನು ಮುಟ್ಟಲಿಲ್ಲ. ಅವಳು ಯಂತ್ರದ ಪಕ್ಕ ನೆಲದ ಮೇಲೆ ಕೂತು, ಸೆರಗಿನ ತುದಿಯಿಂದ ಆ ಉಗುರಿನ ಮೇಲಿನ ಕಲ್ಲುಪುಡಿ ಒರೆಸತೊಡಗಿದಳು. ಯಂತ್ರದ ಕೆಂಪು ಅಂಕಿ ಇಬ್ಬರದನ್ನೂ ಸೇರಿಸಿ ಒಂದೇ ತೂಕ ತೋರಿಸುತ್ತಿತ್ತು.